ತೊಟ್ಟಿಯ ಬಳಿ ಕೂತಿದ್ದ ಹೆಂಗಸು

ಫೋರ್ಟ್ಸ್‌ಹೈಮ್
ಭಾನುವಾರ, ನವೆಂಬರ್ ೪, ೧೯೪೫

ಲೀನಾ ಅತ್ತಿಗೆಗೆ, ಬದುಕಿರುವ ಬರ್ಟಾ ಬರೆಯುವುದು.

ಮೊನ್ನೆ ಮಧ್ಯಾಹ್ನ ಕೂತಲ್ಲೇ ಜೋಂಪು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನಿಮ್ಮ ತಮ್ಮ ಗಾಟ್ಲೋಬ್ ನಮ್ಮ ಸರಪಳಿ ಕಾರ್ಖಾನೆಯ ನೆಲ ಗುಡಿಸುತ್ತಿದ್ದರು. ಚಿನ್ನದ ಕೆಲಸದವರು ನೆಲದ ಕಸ ಎಸೆಯುವುದಿಲ್ಲ, ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ ಎಂದು ನೀವು ತಮ್ಮನನ್ನು ಆಡಿಕೊಳ್ಳುತ್ತಿದ್ದಿರಲ್ಲ, ಹಾಗೆ ಒಂದು ಚೂರೂ ಬಿಡದೆ ಮೂಲೆ ಮೂಲೆ ಗುಡಿಸುತ್ತಿದ್ದರು. ಆ ಕಸದಲ್ಲಿ ನಾನೂ ನಮ್ಮ ಮಗಳು ಹೆಡಿಯೂ ಇದ್ದೆವು. ನಮ್ಮನ್ನು ಮೊರಕ್ಕೆ ಎತ್ತಿಕೊಂಡು ಜರಡಿಗೆ ಸುರಿದು ಆಡಿಸಿದರು. ನಾವು ಕೆಳಗೆ ಉದುರಿದೆವು. ಜರಡಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಉಳಿದಿಲ್ಲವೆಂದು ಗೋಡೆಗೆ ಒರಗಿಸಿಟ್ಟು ಹೊರಟುಹೋದರು. ಕೂಗೋಣವೆಂದರೆ ಬಾಯಿ ತುಂಬ ಬೂದಿ. ಕನಸಿಗೆ ಅರ್ಥವಿಲ್ಲ ಎಂದು ಪಾದ್ರಿಗಳು ಹೇಳುತ್ತಾರೆ. ಅವರಿಗೆ ಒಳ್ಳೆಯ ಕನಸುಗಳೇ ಬೀಳುತ್ತವೆಯೋ ಏನೋ.

ಬ್ರಿಟಿಷರ ಕೈಯಲ್ಲಿರುವ ನಿಮ್ಮ ಕಡೆಗೂ ಈಗ ಕಾಗದ ಹೋಗುತ್ತದೆ ಎಂದು ಅಂಚೆಯವಳು ಹೇಳಿದಳು. ಇದು ನಿಮಗೆ ತಲುಪುತ್ತದೋ, ನಡುವೆ ಒಡೆದು ಓದುವವರು ಏನಾದರೂ ತಪ್ಪು ಹುಡುಕುತ್ತಾರೋ, ನೀವು ಅದೇ ಮನೆಯಲ್ಲಿದ್ದೀರೋ, ನಿಮ್ಮ ಯಜಮಾನರು ಓಟ್ಟೊ ಅಣ್ಣ ಹೇಗಿದ್ದಾರೋ, ಒಂದೂ ತಿಳಿಯದು. ನನ್ನ ಬರಹ ಕೋಳಿ ಕೆರೆದ ಹಾಗಿದೆ, ಕ್ಷಮಿಸಿ. ಐದನೇ ತರಗತಿಗೆ ಶಾಲೆ ಬಿಟ್ಟು ಸರಪಳಿಯ ಕೊಂಡಿ ಜೋಡಿಸಲು ಕೂತವಳು ನಾನು.

ನಾವು ಸತ್ತೆವೆಂದೇ ನೀವು ತಿಳಿದಿರಬಹುದು. ಫೆಬ್ರವರಿ ೨೩ರ ಶುಕ್ರವಾರ ಗೋಡೆ ಗಡಿಯಾರ ಕೊಟ್ಟು ಹಂದಿಕೊಬ್ಬು ತರೋಣವೆಂದು ಹೆಡಿಯನ್ನು ಕರೆದುಕೊಂಡು ಗುಡ್ಡದಾಚೆಯ ಹಳ್ಳಿಗೆ ಹೋಗಿದ್ದೆ. ಮಗುವಿಗೆ ಕೆಮ್ಮು ಹೆಚ್ಚಾಯಿತು, ರೈತನ ಹೆಂಡತಿ ಉಳಿಸಿಕೊಂಡಳು. ಸಂಜೆ ನಮ್ಮೂರ ಕಡೆಯ ಆಕಾಶ ಕೆಂಪಾಯಿತು. ಬಾಂಬು ಸುರಿದದ್ದು ಇಪ್ಪತ್ತೇ ನಿಮಿಷವಂತೆ, ಅತ್ತಿಗೆ. ಆಲೂಗಡ್ಡೆ ಬೇಯುವಷ್ಟು ಹೊತ್ತು. ಮರುದಿನ ಗುಡ್ಡ ಇಳಿಯುವಾಗ ನದಿ ಕಂಡಿತು. ಅಲ್ಲಿಂದ ನದಿ ಕಾಣಬಾರದು, ನಡುವೆ ಮನೆಗಳಿರಬೇಕು. ನಾನು ಹೆಡಿಯ ಕಣ್ಣು ಮುಚ್ಚಿದೆ, ಅವಳು ನನ್ನ ಬೆರಳ ಸಂದಿಯಿಂದ ನೋಡಿದಳು. ಮೂರನೆಯ ದಿನ ನಮ್ಮ ನೆಲಮಾಳಿಗೆ ತೆರೆದರು. ಅಮ್ಮ ಕುರ್ಚಿಯಲ್ಲಿ ಕೂತಿದ್ದಳು, ಮಡಿಲಲ್ಲಿ ಹೆಣಿಗೆ, ಮೈಮೇಲೆ ಒಂದು ಗೀರಿಲ್ಲ. ಉಸಿರು ಕಟ್ಟಿ ಹೋಗಿದ್ದಾಳೆ ಎಂದರು. ನಾನು ಅವಳ ಭುಜ ಅಲುಗಿಸಿ, ಏಳು ಹೋಗೋಣ ಎಂದೆನಂತೆ. ನನಗೆ ನೆನಪಿಲ್ಲ.

ಈಗ ಗುಡ್ಡದ ಮೇಲೆ, ನಿಮ್ಮ ತಂದೆಯವರ ತೋಟದಲ್ಲಿ ಗುದ್ದಲಿ ಇಡುತ್ತಿದ್ದ ಮರದ ಗುಡಿಸಲಿನಲ್ಲಿದ್ದೇವೆ. ಕೆಳಗೆ ನಮ್ಮ ಮನೆಯ ಬಾಗಿಲ ಕಂಬವೊಂದು ಉಳಿದಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ‘ಬರ್ಟಾ, ಹೆಡಿ ಬದುಕಿದ್ದೇವೆ, ಮೇಲಿನ ತೋಟದಲ್ಲಿದ್ದೇವೆ’ ಎಂದು ಬರೆದಿದ್ದೇನೆ. ಇಲ್ಲಿ ಎಲ್ಲರೂ ಹೀಗೆ ಬರೆದಿದ್ದಾರೆ. ಮಳೆಗೆ ಅಳಿಸುತ್ತದೆಂದು ಪ್ರತಿ ಭಾನುವಾರ ಹೋಗಿ ತಿದ್ದಿ ಬರುತ್ತೇನೆ. ನಡುವೆ ಬುಧವಾರ ಮಳೆ ಬಂದರೆ ಭಾನುವಾರದವರೆಗೆ ನನಗೆ ಊಟ ಸೇರುವುದಿಲ್ಲ.

ಗಾಟ್ಲೋಬ್ ಬರೆದ ಕೊನೆಯ ಕಾಗದ ಜನವರಿಯದು, ಎಲ್ಸಾಸ್ ಕಡೆಯ ರಣರಂಗದಿಂದ. ನಿಮ್ಮಲ್ಲಿಗೆ ಏನಾದರೂ ಸುದ್ದಿ ಬಂದಿದೆಯೇ? ಒಳ್ಳೆಯದಿರಲಿ ಕೆಟ್ಟದ್ದಿರಲಿ, ತಿಳಿಸಿ.

ಉತ್ತರದ ದಾರಿ ನೋಡುತ್ತಾ,
ಬರ್ಟಾ

*

ತ್ಸೆಲ್ಲೆ
ಡಿಸೆಂಬರ್ ೯, ೧೯೪೫

ಬರ್ಟಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೈಯಲ್ಲಿ ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತವಳನ್ನು ಓಟ್ಟೊ ಬಂದು ಎಬ್ಬಿಸಿದರು. ಏನಾಯಿತು, ಯಾರು ಸತ್ತರು ಎಂದು ಕೇಳಿದರು. ಯಾರೂ ಸತ್ತಿಲ್ಲ ಎಂದೆ.

ನೀನೂ ಮಗುವೂ ಇದ್ದೀರಲ್ಲ, ದೇವರು ದೊಡ್ಡವನು. ನಿನ್ನ ಅಮ್ಮನ ವಿಷಯ ಓದಿ ಕರುಳು ಕಿತ್ತುಬಂತು. ನನ್ನ ಮದುವೆಗೆ ಅವರು ಹೆಣೆದುಕೊಟ್ಟ ಶಾಲು ಈಗಲೂ ಹೊದೆಯುತ್ತೇನೆ.

ಇಲ್ಲಿ ಬಾಂಬು ಬಿದ್ದದ್ದು ಕಡಿಮೆ, ಅದಕ್ಕೇ ಜನ ತುಂಬಿದ್ದಾರೆ. ನಮ್ಮ ಮುಂದಿನ ಕೋಣೆಯಲ್ಲಿ ಪೂರ್ವದಿಂದ ಓಡಿಬಂದ ಆರು ಜನರನ್ನು ಇರಿಸಿದ್ದಾರೆ. ಓಟ್ಟೊ ಮತ್ತೆ ರೈಲಿನ ಕೆಲಸಕ್ಕೆ ಹೋಗುತ್ತಿದ್ದಾರೆ, ಎದೆಯಲ್ಲಿ ಗೊರಗೊರ ಹಾಗೇ ಇದೆ. ಇದರ ಜೊತೆಗೆ ಒಣಬಟಾಣಿಯ ಒಂದು ಗಂಟು, ಹೆಡಿಗೆ ಎರಡು ಜೊತೆ ಕಾಲುಚೀಲ ಕಳಿಸುತ್ತಿದ್ದೇನೆ. ಕಾಲಳತೆ ಗೊತ್ತಿಲ್ಲದೆ ದೊಡ್ಡದಾಗಿಯೇ ಹೆಣೆದೆ.

ಒಂದು ಮಾತು. ಕಾಣೆಯಾದವರನ್ನು ಹುಡುಕುವ ಕಚೇರಿಗೆ ಗಾಟ್ಲೋಬ್‌ನ ಹೆಸರು ಕೊಟ್ಟಿದ್ದೀಯಾ? ಕೊಟ್ಟಿರದಿದ್ದರೆ ಅವಸರ ಮಾಡಬೇಡ. ಚಳಿಗಾಲ ಕಳೆಯಲಿ. ಈಗ ಎಲ್ಲ ಗೊಂದಲ, ಹೆಸರು ಹೆಸರಿಗೆ ಬೆರೆತು ಏನೇನೋ ಆಗುತ್ತದೆ.

ಕೈ ಮರಗಟ್ಟುತ್ತಿದೆ. ಇನ್ನೊಮ್ಮೆ ಬರೆಯುತ್ತೇನೆ. ಮೈ ನೋಡಿಕೋ.

ಲೀನಾ

*

ಫೋರ್ಟ್ಸ್‌ಹೈಮ್
ಭಾನುವಾರ, ಜನವರಿ ೬, ೧೯೪೬

ಲೀನಾ ಅತ್ತಿಗೆ,

ಬಟಾಣಿ ಬಂತು. ಗಂಟು ಒಡೆದು ಒಂದು ಹಿಡಿ ಹೋಗಿತ್ತು, ಉಳಿದದ್ದು ಸೇರಿತು. ಕಾಲುಚೀಲ ಹೆಡಿಗೆ ಮೊಣಕಾಲು ದಾಟುತ್ತವೆ. ಅವನ್ನು ಹಾಕಿಕೊಂಡೇ ಮಲಗುತ್ತಾಳೆ. ನಿಮ್ಮ ಕೈಗೆ ಪುಣ್ಯ ಬರಲಿ.

ಆದರೆ ಅತ್ತಿಗೆ, ನಿಮ್ಮ ಕಾಗದವನ್ನು ನಾನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದುಹೋಗಿದೆ. ಗಾಟ್ಲೋಬ್ ಸುದ್ದಿ ಬಂದಿದೆಯೇ ಎಂದು ಕೇಳಿದ್ದೆ. ಬಂದಿದೆ ಎಂದೂ ಇಲ್ಲ, ಬಂದಿಲ್ಲ ಎಂದೂ ಇಲ್ಲ. ಅವಸರ ಮಾಡಬೇಡ ಎಂದಿದ್ದೀರಿ. ಹತ್ತು ತಿಂಗಳಾದ ಮೇಲೆ ಯಾವ ಅವಸರ? ಅಕ್ಟೋಬರ್‌ನಲ್ಲೇ ಹುಡುಕುವ ಕಚೇರಿಗೆ ಹೋಗಿ ಹೆಸರು, ಹುಟ್ಟಿದ ದಿನ, ಎಡ ಹುಬ್ಬಿನ ಮೇಲಿನ ಗಾಯದ ಗುರುತು ಎಲ್ಲ ಬರೆಸಿ ಬಂದೆ. ತಪ್ಪು ಮಾಡಿದೆನೇ? ಹೇಳಿ. ನನಗೆ ತಪ್ಪು ಮಾಡಿದ ಹಾಗೇ ಅನಿಸುತ್ತಿದೆ.

ಕೆಲಸ ಇದೆ, ಅದಕ್ಕೆ ದಿನಕ್ಕೊಂದು ಬಿಸಿ ಸಾರು ಸಿಗುತ್ತದೆ. ಕಾರ್ಖಾನೆ ಸುಟ್ಟ ಗುಡ್ಡೆಯ ಮೇಲೆ ಎಂಟು ಜನ ಹೆಂಗಸರು ಸಾಲಾಗಿ ಕೂತು ಬೂದಿಯನ್ನು ಜರಡಿ ಹಿಡಿದು, ತೊಟ್ಟಿಯಲ್ಲಿ ತೊಳೆದು, ಕರಗಿ ಉಂಡೆಯಾದ ಬೆಳ್ಳಿ ಚಿನ್ನ ಆಯುತ್ತೇವೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಸಂಜೆಗೆ ಸುಣ್ಣ ಕೆಮ್ಮಬೇಕು. ತಲೆಗೆ ವಸ್ತ್ರ, ಬಾಯಿಗೆ ಬಟ್ಟೆ, ನಡುವೆ ಬಿಳಿ ರೆಪ್ಪೆಯ ಎರಡು ಕಣ್ಣು. ಹೆಡಿ ಒಂದು ದಿನ ಬಂದವಳು ಎಂಟು ಜನರಲ್ಲಿ ಅಮ್ಮ ಯಾರೆಂದು ತಿಳಿಯದೆ ಅತ್ತಳು.

ಮೊದಲು ಪಾಲಿಶ್ ಮಾಡುತ್ತಿದ್ದ ರಾಪಮ್ಮ ನನ್ನ ಪಕ್ಕ ಕೂರುತ್ತಾಳೆ. ಬಾಯಿ ಜೋರು. ಅಮೆರಿಕದ ಸಿಪಾಯಿ ಇದೇನಾ ಚಿನ್ನದ ಊರು ಎಂದು ಕೇಳಿದನಂತೆ. ಹೌದಪ್ಪ, ನೀನು ನಿಂತಿರುವುದು ಬಂಗಾರದ ಬೀದಿ, ಬೂಟು ಒರೆಸಿಕೊಂಡು ಬಾ ಎಂದಳಂತೆ. ಅವನಿಗೆ ಭಾಷೆ ತಿಳಿಯದೆ ನಕ್ಕು ಅರ್ಧ ಸಿಗರೇಟು ಕೊಟ್ಟು ಹೋದ.

ದಿನವೂ ಗಂಡಸರು ಬರುತ್ತಾರೆ. ಸೆರೆಯಿಂದ ಬಿಟ್ಟವರು, ಗಡ್ಡದವರು, ಕಾಲು ಊದಿಕೊಂಡವರು, ಒಬ್ಬರ ಹಾಗೇ ಇನ್ನೊಬ್ಬರು. ಯಾವುದೋ ಬಿದ್ದ ಮನೆಯ ಗುಡ್ಡೆಯ ಮುಂದೆ ನಿಂತು, ಈ ಮನೆಯವರು ಎಲ್ಲಿ ಎಂದು ಕೇಳುತ್ತಾರೆ. ಕಳೆದ ಬೇಸಿಗೆಯಲ್ಲಂತೂ ಒಂದೊಂದು ದಿನಕ್ಕೆ ಹತ್ತು ಹದಿನೈದು ಜನ. ಮೊದಮೊದಲು ನಾನು ಎದ್ದು ನಿಂತು ಹೇಳುತ್ತಿದ್ದೆ, ಜೊತೆಗೆ ಅಳುತ್ತಿದ್ದೆ. ರಾಪಮ್ಮ ಬೈದಳು. “ಮುಖ ನೋಡ್ಬೇಡ ಕಣೇ. ಮುಖ ನೋಡಿದ್ರೆ ಅಳು ಬರುತ್ತೆ, ಸಂಜೆವರೆಗೂ ಕೈ ನಡುಗುತ್ತೆ. ಯಾವ ಗುಡ್ಡೆ ಅಂತ ಮಾತ್ರ ನೋಡು. ಇದ್ದದ್ದು ಹೇಳು, ಜರಡಿ ಆಡ್ಸು.” ಈಗ ಎಂಟು ಜನರೂ ಹಾಗೇ. ಕ್ರಿಸ್‌ಮಸ್‌ಗೆ ಮುಂಚೆ ಒಬ್ಬ ಟೋಪಿ ಅಂಗಡಿಯ ಗುಡ್ಡೆ ತೋರಿಸಿ ಕೇಳಿದ. ಯಾರೂ ಇಲ್ಲ ಎಂದೆ. ಉಪಕಾರವಾಯಿತು ಎಂದು ಹೇಳಿ ಹೋದ. ಅವನ ಬೂಟು ಮಾತ್ರ ನೋಡಿದ್ದೆ, ಒಂದಕ್ಕೆ ಲಾಡಿಯ ಬದಲು ತಂತಿ. ಉಪಕಾರ ಎಂದನಲ್ಲ, ಅದು ಆಗಾಗ ಕಿವಿಯಲ್ಲಿ ಕೇಳಿಸುತ್ತದೆ.

ಗಾಟ್ಲೋಬ್ ಹಾಗೆ ಬಂದರೆ ಅವರಿಗೆ ಕಂಬವಿದೆ, ಓದಿಕೊಳ್ಳುತ್ತಾರೆ ಎಂದು ಧೈರ್ಯ ಹೇಳಿಕೊಳ್ಳುತ್ತೇನೆ.

ನೇರವಾಗಿ ಕೇಳುತ್ತಿದ್ದೇನೆ ಅತ್ತಿಗೆ. ನಿಮಗೆ ಏನಾದರೂ ಗೊತ್ತೇ?

ಬರ್ಟಾ

*

ತ್ಸೆಲ್ಲೆ
ಫೆಬ್ರವರಿ ೨೪, ೧೯೪೬

ಬರ್ಟಾ,

ಐದು ವಾರದಲ್ಲಿ ಈ ಕಾಗದವನ್ನು ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ನಿನ್ನೆ ನಿಮ್ಮೂರು ಸುಟ್ಟು ವರ್ಷವಾಯಿತು. ನಿನ್ನ ಹೆಸರಿಗೂ ಹೆಡಿಯ ಹೆಸರಿಗೂ ಅವನು ಇಲ್ಲಿನ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಲು ಬಂದಿದ್ದ. ನಾನು ಪಕ್ಕದಲ್ಲಿ ನಿಂತಿದ್ದೆ. ಇನ್ನು ಬರೆಯದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಗಾಟ್ಲೋಬ್ ಬದುಕಿದ್ದಾನೆ. ಜುಲೈ ಕೊನೆಯಲ್ಲಿ ನಮ್ಮ ಮನೆಗೆ ಬಂದ, ಕಾಲಿಗೆ ಗೋಣಿ ಸುತ್ತಿಕೊಂಡು. ಗುರುತೇ ಹತ್ತಲಿಲ್ಲ, ಭಿಕ್ಷುಕನೆಂದು ಬಾಗಿಲು ಹಾಕಿದೆ. ಊರಿಗೆ ಹೋಗಿ ನೋಡಿ ಬಂದೆ, ಯಾರೂ ಉಳಿದಿಲ್ಲ ಎಂದ. ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದ. ಆಮೇಲೆ ಕೊಯ್ಲಿನ ಕೆಲಸಕ್ಕೆ ಇಲ್ಲಿಂದ ಎರಡು ಗಂಟೆ ದಾರಿಯ ಒಂದು ಜಮೀನಿಗೆ ಹೋದ. ಅಲ್ಲಿ ಮಾರ್ಟಾ ಎಂಬ ಹೆಂಗಸು, ಪೂರ್ವದ ಬ್ರೆಸ್ಲಾವ್‌ನಿಂದ ಓಡಿಬಂದವಳು, ಎರಡು ಮಕ್ಕಳು, ಗಂಡ ಯುದ್ಧದಲ್ಲಿ ಹೋದವನು. ಅವಳ ಕಿರಿಯ ಹುಡುಗಿ ಹೆಡಿಯ ವಯಸ್ಸಿನವಳು. ಅವನು ಮೊದಲು ನಕ್ಕದ್ದು ಆ ಮಗುವಿನ ಜೊತೆಗೇ.

ಅಕ್ಟೋಬರ್‌ನಲ್ಲಿ ಕಚೇರಿಯವರು ನಿನ್ನ ಸಾವನ್ನು ಬರೆದುಕೊಳ್ಳಲು ಅವನ ಹೇಳಿಕೆಯ ಜೊತೆಗೆ ಇಬ್ಬರು ಸಾಕ್ಷಿ ಕೇಳಿದರು. ಓಟ್ಟೊ ಸಹಿ ಹಾಕಿದರು. ಇನ್ನೊಂದು ಸಹಿ ನನ್ನದು, ಬರ್ಟಾ. ನೀನು ಸತ್ತೆ ಎಂದು ಬರೆದುಕೊಟ್ಟವಳು ನಾನು.

ಅವನಿಗೂ ಮಾರ್ಟಾಗೂ ಮದುವೆ ಆದದ್ದು ನವೆಂಬರ್ ೩. ನೀನು ಕಾಗದ ಬರೆದದ್ದು ನವೆಂಬರ್ ೪. ಆ ತಾರೀಖು ಓದಿಯೇ ನಾನು ಮೆಟ್ಟಿಲ ಮೇಲೆ ಕೂತದ್ದು.

ಮೇ ಕೊನೆಗೆ ಮಾರ್ಟಾಗೆ ಹೆರಿಗೆ. ಅವನಿಗೆ ನಾನು ಇನ್ನೂ ಹೇಳಿಲ್ಲ. ನಿನ್ನ ಎರಡು ಕಾಗದಗಳೂ ಹಿಟ್ಟಿನ ಡಬ್ಬಿಯ ಅಡಿಯಲ್ಲಿವೆ. ಸುಳ್ಳು ಸಾಕ್ಷಿಗೆ ನಮ್ಮನ್ನು ಜೈಲಿಗೆ ಹಾಕುತ್ತಾರೆ ಎಂದು ಓಟ್ಟೊ ಹೆದರಿದ್ದಾರೆ. ನಾನು ಹೆದರಿರುವುದು ಅದಕ್ಕಲ್ಲ, ಅವನ ಮುಖಕ್ಕೆ.

ಏನು ಮಾಡಲಿ, ನೀನೇ ಹೇಳು.

ಲೀನಾ

*

ಫೋರ್ಟ್ಸ್‌ಹೈಮ್
ಮಾರ್ಚ್ ೧೦, ೧೯೪೬

ಅತ್ತಿಗೆ,

ಅವರಿಗೆ ಹೇಳಿ.

ನಾಲ್ಕು ದಿನದಿಂದ ಇಷ್ಟೇ ಬರೆದು ಪೆನ್ಸಿಲ್ ಹಿಡಿದು ಕೂತಿದ್ದೇನೆ. ಸಾರು ಒಲೆಯ ಮೇಲೆ ಹತ್ತಿಹೋಯಿತು. ಏನು ಸುಡುತ್ತಿದೆ ಎಂದು ಹೆಡಿ ಕೇಳಿದಳು. ಏನೂ ಇಲ್ಲ ಎಂದೆ.

ಊರಿಗೆ ಹೋಗಿ ನೋಡಿ ಬಂದೆ ಎಂದರಂತೆ. ಏನು ನೋಡಿದರು? ಕಂಬ ಅಲ್ಲೇ ಇದೆ. ಅಕ್ಷರ ಅಲ್ಲೇ ಇದೆ. ಏಪ್ರಿಲ್‌ನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಭೇದಿಯಲ್ಲಿ ನಿಲ್ಲಲಾಗದಿದ್ದಾಗಲೂ ಹೆಡಿಯ ಹೆಗಲು ಹಿಡಿದು ಹೋಗಿ ತಿದ್ದಿದ್ದೇನೆ. ಓದಿಯೂ ಹೋದರೇ? ಯಾವ ದಿನ ಬಂದರು? ಯಾರೂ ಉಳಿದಿಲ್ಲ ಎಂದು ಅವರಿಗೆ ಯಾರು ಹೇಳಿದರು?

ಇದನ್ನು ಮೊದಲು ಕೇಳಿ ಬರೆಯಿರಿ. ಜೈಲಿನ ಮಾತು ಬಿಡಿ. ನಾನು ಯಾವ ಕಚೇರಿಗೂ ಹೋಗುವುದಿಲ್ಲ.

ಬ

*

ತ್ಸೆಲ್ಲೆ
ಮಾರ್ಚ್ ೩೧, ೧೯೪೬

ಬರ್ಟಾ,

ಹೋಗಿ ಹೇಳಿದೆ. ಅವನು ಕೊಟ್ಟಿಗೆಯಲ್ಲಿ ಟರ್ನಿಪ್ ಹೆಚ್ಚುತ್ತಿದ್ದ. ಕಾಗದಗಳನ್ನು ಕೈಗೆ ಕೊಟ್ಟೆ. ಓದಿದ. ಮಡಿಸಿದ. ಮತ್ತೆ ಟರ್ನಿಪ್ ಹೆಚ್ಚತೊಡಗಿದ, ಬುಟ್ಟಿ ತುಂಬಿ ನೆಲಕ್ಕೆ ಬೀಳುತ್ತಿದ್ದರೂ ನಿಲ್ಲಿಸಲಿಲ್ಲ. ನಾನೇ ಚಾಕು ಕಿತ್ತುಕೊಂಡೆ. ಆಗ ಕೇಳಿದ, “ಹೆಡಿಗೆ ಮುಂದಿನ ಹಲ್ಲು ಬಂತಾ ಅಕ್ಕ?” ಕೊನೆಯ ರಜೆಗೆ ಬಂದಾಗ ಬಿದ್ದಿದ್ದವಂತೆ. ನನಗೆ ಗೊತ್ತಿಲ್ಲ ಎಂದೆ.

ಮಾರ್ಟಾಗೆ ಅವನೇ ಹೇಳಿದ. ಅವಳು ಗಂಟು ಕಟ್ಟಿದಳು, ಸಂಜೆಗೆ ಬಿಚ್ಚಿದಳು. ಎಲ್ಲಿಗೆ ಹೋಗುತ್ತಾಳೆ, ಬ್ರೆಸ್ಲಾವ್‌ಗೆ ಈಗ ದಾರಿಯಿಲ್ಲ. ಅವಳು ಕೆಟ್ಟವಳಲ್ಲ, ಬರ್ಟಾ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀನು ಕೇಳಿದ್ದಕ್ಕೆ ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅಮೆರಿಕದವರು ಅವನನ್ನು ಹೈಲ್‌ಬ್ರಾನ್‌ನ ಬಯಲು ಸೆರೆಶಿಬಿರದಿಂದ ಬಿಟ್ಟರು. ನಡೆದುಕೊಂಡೇ ಬಂದ. ಆಗ ನಿಮ್ಮೂರು ಫ್ರೆಂಚರ ಕೈಯಲ್ಲಿತ್ತಲ್ಲ, ಅವರು ಬೀದಿಯಲ್ಲಿ ಸಿಕ್ಕ ಗಂಡಸರನ್ನು ಹಿಡಿದು ಗಣಿ ಕೆಲಸಕ್ಕೆ ಸಾಗಿಸುತ್ತಿದ್ದರಂತೆ. ಮೇಲಿನ ಬೀದಿಯಲ್ಲಿ ಅವರ ಲಾರಿ ನಿಂತಿತ್ತು, ಕಾಲು ಗಂಟೆ ಸಿಕ್ಕಿತು ಅಷ್ಟೇ. ಬೀದಿಯೇ ತಿಳಿಯುವಂತಿರಲಿಲ್ಲ, ಆದರೆ ನಮ್ಮ ಬಾಗಿಲ ಮುಂದಿನ ಕಲ್ಲುತೊಟ್ಟಿ ಕಂಡಿತು, ಮನೆ ಸಿಕ್ಕಿತು ಎಂದ. ಕುದುರೆಗಳಿಗೆ ನೀರಿಡುತ್ತಿದ್ದ, ನಾನೂ ಅವನೂ ಕೂತು ಕಾಲು ಆಡಿಸುತ್ತಿದ್ದ ಅದೇ ತೊಟ್ಟಿ. ಅದರ ಬಳಿ ಒಬ್ಬ ಹೆಂಗಸು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಇವನಿಗೆ ಬೆನ್ನು ಮಾಡಿ ಜರಡಿ ಆಡಿಸುತ್ತಿದ್ದಳು. ಈ ಮನೆಯವರು ಎಲ್ಲಿ ಎಂದು ಕೇಳಿದ. ಅವಳು ಅರೆ ತಿರುಗಿ ಗುಡ್ಡೆಯತ್ತ ಒಮ್ಮೆ ನೋಡಿ, “ಯಾರೂ ಇಲ್ಲ. ನೆಲಮಾಳಿಗೇಲೇ ಎಲ್ಲಾ ಹೋದ್ರು” ಎಂದಳು. ಒಂದು ಹೆಣ್ಣುಮಗು ಇತ್ತಲ್ಲ ಎಂದ. “ಮಕ್ಕಳೂ ಹೋದ್ರು” ಎಂದಳು. ಅಷ್ಟೇ. ಲಾರಿ ಹೊರಟ ಸದ್ದಾಯಿತು, ಇವನು ನದಿಯ ಕಡೆ ಇಳಿದುಬಿಟ್ಟ.

ಕಂಬ ಯಾವುದೂ ಅವನು ಕಾಣಲಿಲ್ಲ. ದಿನ ಯಾವುದೆಂದರೆ ಶನಿವಾರ ಎನ್ನುತ್ತಾನೆ, ಚರ್ಚಿನ ಗಂಟೆ ಮರುದಿನ ದಾರಿಯಲ್ಲಿ ಕೇಳಿಸಿತಂತೆ. ಜೂನ್ ಎರಡನೆಯ ಶನಿವಾರವೋ ಮೂರನೆಯದೋ ಇರಬೇಕು.

ನಿನಗೆ ಬರೆಯುತ್ತೇನೆ ಎಂದು ಹಾಳೆ ತೆಗೆದುಕೊಂಡ. ಹತ್ತು ದಿನವಾಯಿತು. ಮೇಲೆ ನಿನ್ನ ಹೆಸರಿದೆ, ಕೆಳಗೆ ಖಾಲಿ.

ಲೀನಾ

*

ಫೋರ್ಟ್ಸ್‌ಹೈಮ್
ಗರಿ ಭಾನುವಾರ, ಏಪ್ರಿಲ್ ೧೪, ೧೯೪೬

ಲೀನಾ ಅತ್ತಿಗೆಗೆ,

ಹೆಡಿಗೆ ಮುಂದಿನ ಎರಡೂ ಹಲ್ಲು ಬಂದಿವೆ. ಒಂದು ಸ್ವಲ್ಪ ಓರೆ. ನಿಮ್ಮ ತಮ್ಮನಿಗೆ ಹೇಳಿ.

ನಿಮ್ಮ ಕಾಗದ ಓದಿ ನಾನು ಅಳಲಿಲ್ಲ. ಎದ್ದು ಗುಡ್ಡ ಇಳಿದು ಹೋಗಿ ಹೆಜ್ಜೆ ಅಳೆದೆ. ತೊಟ್ಟಿಯಿಂದ ನಮ್ಮ ಬಾಗಿಲ ಕಂಬಕ್ಕೆ ಮೂವತ್ತನಾಲ್ಕು ಹೆಜ್ಜೆ. ತಪ್ಪಿರಬಹುದೆಂದು ವಾಪಸು ಅಳೆದೆ. ಮೂವತ್ತನಾಲ್ಕು.

ತೊಟ್ಟಿ ನಮ್ಮ ಬಾಗಿಲ ಮುಂದೆ ಇರಲಿಲ್ಲ ಅತ್ತಿಗೆ. ನಾವು ಸರಿಸಿದ್ದೆವು. ಬೂದಿ ತೊಳೆಯಲು ದೊಡ್ಡ ಪಾತ್ರೆ ಬೇಕಾಗಿತ್ತು. ಮರದ ಪೀಪಾಯಿಗಳೆಲ್ಲ ಸುಟ್ಟಿದ್ದವು, ತಗಡಿನದರಲ್ಲಿ ತೊಳೆದರೆ ಚೂರು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಮನೆಯ ಮುಂದೆ ಕಲ್ಲುತೊಟ್ಟಿ ಇದೆ, ಒಳಗೆ ನುಣ್ಣಗಿದೆ, ಅದನ್ನು ತರೋಣ ಎಂದವಳು ನಾನು. ಜೂನ್ ಮೊದಲ ವಾರ ನೀರಿನ ಕೊಳವೆಗಳನ್ನು ಅಡಿಗೆ ಹಾಕಿ ಎಂಟು ಜನ ಉರುಳಿಸಿಕೊಂಡು ಹೋದೆವು. ಕಾರ್ಖಾನೆಗೆ ಅಂಟಿದ ಬೇಕರಿ ಮನೆಯ ಮುಂದೆ ನಿಲ್ಲಿಸಿದೆವು. ರಾಪಮ್ಮ ಆವತ್ತು, ಬರ್ಟಾಳ ತಲೆ ಓಡುತ್ತದೆ, ಶಾಲೆ ಯಾಕೆ ಬಿಟ್ಟಳೋ ಎಂದು ಹೊಗಳಿದಳು. ನಾನು ಹಿಗ್ಗಿದೆ.

ಫ್ರೆಂಚರು ಬೀದಿ ಬೀದಿಗೂ ಹೆಸರಿನ ಹಲಗೆ ನೆಟ್ಟಿದ್ದರು. ಹೊರಗಿನವನು ಬಂದಿದ್ದರೆ ಹಲಗೆ ಓದಿ, ಮನೆಗಳನ್ನು ಎಣಿಸಿಕೊಂಡು ನೆಟ್ಟಗೆ ನಮ್ಮ ಕಂಬಕ್ಕೆ ಬರುತ್ತಿದ್ದ. ಅಲ್ಲೇ ಹುಟ್ಟಿದವರು ಹಲಗೆ ಯಾಕೆ ಓದುತ್ತಾರೆ.

ಬೇಕರಿ ಮನೆಯ ನೆಲಮಾಳಿಗೆಯಲ್ಲಿ ಮೂವತ್ತೊಂದು ಜನ. ಒಬ್ಬರೂ ಉಳಿಯಲಿಲ್ಲ. ಮೂರು ಮಕ್ಕಳಿದ್ದವು, ಇಬ್ಬರು ಹೆಣ್ಣು. ಆ ಗುಡ್ಡೆ ತೋರಿಸಿ ಕೇಳಿದವರಿಗೆ ಆ ಹೆಂಗಸು ಹೇಳಿದ್ದು ನಿಜವನ್ನೇ. ಅವಳನ್ನು ಬೈಯಬೇಡಿ ಎಂದು ನಿಮ್ಮ ತಮ್ಮನಿಗೆ ಹೇಳಿ. ನಮ್ಮಲ್ಲಿ ಯಾರಾಗಿದ್ದರೂ ಅದನ್ನೇ ಹೇಳುತ್ತಿದ್ದೆವು.

ಮಗು ಹುಟ್ಟಲಿ. ಹೊಟ್ಟೆಯಲ್ಲಿರುವುದನ್ನು ಬೀದಿಗೆ ತಂದು ನನಗೇನು ಆಗಬೇಕಾಗಿದೆ. ಮಾರ್ಟಾಗೆ ಗಂಟು ಕಟ್ಟಬೇಡ ಎನ್ನಿ. ಆಮೇಲೆ ಅವರು ಬರುತ್ತಾರೋ, ಬರೆಯುತ್ತಾರೋ, ಆ ಹಾಳೆ ಖಾಲಿಯೇ ಇರುತ್ತದೋ, ನಾನು ಯೋಚಿಸಿ ಯೋಚಿಸಿ ತಲೆಯಲ್ಲಿ ಜಾಗವಿಲ್ಲ. ಹೆಡಿಗೆ ಹೇಳಿಲ್ಲ. ಅಪ್ಪ ಇದ್ದಾರೆ ಎಂದರೆ ಎಲ್ಲಿ ಎನ್ನುತ್ತಾಳೆ. ಇವತ್ತು ಚರ್ಚಿನಿಂದ ಬರುವಾಗ ನಾನು ಕಂಬದ ಕಡೆ ತಿರುಗಲಿಲ್ಲ. ಅವಳೇ ನನ್ನ ಜೇಬಿನಿಂದ ಸೀಮೆಸುಣ್ಣ ತೆಗೆದುಕೊಂಡು ಓಡಿಹೋಗಿ ಅಕ್ಷರ ತಿದ್ದಿ ಬಂದಳು. ಕೈಗೆಟುಕುವ ಸಾಲು ಮಾತ್ರ ತಿದ್ದಿದ್ದಾಳೆ. ನಾನು ಬೇಡ ಎನ್ನಲಿಲ್ಲ.

ಈಗ ಒಂದೇ ಒಂದು ಕೆಲಸ ಮಾಡಿಕೊಡಿ.

ತೊಟ್ಟಿಯ ಬಳಿ ಒಬ್ಬರೇ ಕೂರುತ್ತಿದ್ದೆವು, ವಾರಕ್ಕೊಬ್ಬರ ಸರದಿ. ಜೂನ್ ಎರಡನೆಯ ವಾರ ನನ್ನ ಸರದಿ. ಆದರೆ ಶುಕ್ರವಾರ ನನಗೆ ಭೇದಿ ಹತ್ತಿತು, ೯ರ ಶನಿವಾರ ಎದ್ದೇಳಲಾಗಲಿಲ್ಲ, ನನ್ನ ಬದಲು ರಾಪಮ್ಮ ಕೂತಳು. ಆ ಬದಲಿಗೆ ಮುಂದಿನ ಶನಿವಾರ, ೧೬ರಂದು, ಅವಳ ಜಾಗದಲ್ಲಿ ನಾನು ಕೂತೆ. ರಾಪಮ್ಮನನ್ನು ಕೇಳಿದೆ, ಹೆಣ್ಣುಮಗುವಿನ ವಿಷಯ ಕೇಳಿದವನು ನಿನಗೆ ನೆನಪಿದ್ದಾನೆಯೇ ಎಂದು. ಅವಳು ಜರಡಿ ಕೆಳಗಿಟ್ಟು ಬಹಳ ಹೊತ್ತು ನನ್ನ ಮುಖ ನೋಡಿದಳು. “ಎಲ್ಲರೂ ಮಕ್ಕಳನ್ನೇ ಕೇಳ್ತಾರೆ ಬರ್ಟಾ. ಯಾವನು ಅಂತ ನೆನಪಿಟ್ಕೊಳ್ಲಿ?” ಎಂದಳು. ನನಗೂ ನೆನಪಿಲ್ಲ. ಒಡೆದ ದನಿಯಲ್ಲಿ ಒಬ್ಬ ಕೇಳಿದ ಹಾಗೆ ಇದೆ, ಆದರೆ ಎಲ್ಲರ ದನಿಯೂ ಒಡೆದಿತ್ತು. ಮುಖ ನೋಡುತ್ತಿರಲಿಲ್ಲ ಎಂದು ನಿಮಗೆ ಬರೆದಿದ್ದೆನಲ್ಲ.

ಸೆರೆಯಿಂದ ಬಿಡುವಾಗ ಅಮೆರಿಕದವರು ಒಂದು ಚೀಟಿ ಕೊಡುತ್ತಾರೆ, ಅದರ ಮೇಲೆ ಬಿಟ್ಟ ತಾರೀಖು ಮುದ್ರೆಯಾಗಿರುತ್ತದೆ. ಅದಿಲ್ಲದೆ ಅವರಿಗೆ ರೇಷನ್ ಸಿಗುತ್ತಿರಲಿಲ್ಲ, ಆದ್ದರಿಂದ ಇಟ್ಟುಕೊಂಡೇ ಇರುತ್ತಾರೆ. ಅವರ ಬಾಯಿಂದ ಕೇಳಬೇಡಿ, ನನ್ನನ್ನು ಉಳಿಸಲು ಏನಾದರೂ ಹೇಳಿಯಾರು. ಚೀಟಿಯನ್ನು ನೀವೇ ಕೈಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ. ಹೈಲ್‌ಬ್ರಾನ್‌ನಿಂದ ಇಲ್ಲಿಗೆ ಊದಿದ ಕಾಲಲ್ಲಿ ಮೂರು ದಿನ, ಹೆಚ್ಚೆಂದರೆ ನಾಲ್ಕು. ಲೆಕ್ಕ ಹಾಕಿ, ಇನ್ನೊಂದು ಸಲ ನೋಡಿ ಬರೆಯಿರಿ: ಒಂಬತ್ತೋ, ಹದಿನಾರೋ.

ಬರ್ಟಾ